ಗುನ್ಸಾನ್ ಅಜ್ಜನ ಚಮಚ

ಮಾರ್ಚ್ 4, ಸೋಮವಾರ

ಸೆರಿನ್ ಇವತ್ತು ನನ್ನ ಊಟದ ಮೇಜಿನ ಮೇಲೆ ಒಬ್ಬ ಹುಡುಗಿಯನ್ನು ಕೂರಿಸಿ ಹೋದಳು. ನಿಜವಾದ ಹುಡುಗಿಯಲ್ಲ, ಫೋನಿನೊಳಗಿನವಳು.

ಸೋಮವಾರ ನನ್ನ ಮಗಳ ಸಲೂನಿಗೆ ರಜೆ. ರಜೆಯ ದಿನ ಯಾರಾದರೂ ಕಾಲು ಚಾಚಿ ಮಲಗುತ್ತಾರೆ. ಇವಳು ಬಂದು ನನ್ನ ಫ್ರಿಜ್ ತಪಾಸಣೆ ಮಾಡುತ್ತಾಳೆ. ಹೋದ ವಾರ ತಂದಿಟ್ಟ ಪಲ್ಯದ ಡಬ್ಬಿಗಳು ಮುಚ್ಚಳ ಸಹ ತೆಗೆಯದೆ ಹಾಗೇ ಇದ್ದವು. ಸಿಂಕಿನಲ್ಲಿ ಒಂದೇ ಬಟ್ಟಲು. ಅದನ್ನೆತ್ತಿ ಮೂಸಿ ನೋಡಿದಳು.

"ಮತ್ತೆ ಅನ್ನಕ್ಕೆ ನೀರು ಸುರ್ಕೊಂಡು, ನಿಂತ್ಕೊಂಡೇ ತಿಂದ್ಯಾ ಅಪ್ಪ?"

"ಕೂತ್ಕೊಂಡ್ ತಿಂದ್ರೆ ಅನ್ನಕ್ಕೇನು ರುಚಿ ಜಾಸ್ತಿ ಆಗುತ್ತಾ?"

"ಅಮ್ಮ ತೀರ್ಕೊಂಡು ಒಂದು ಚಳಿಗಾಲಾನೇ ಕಳೀತು. ನಿನ್ನ ಪ್ಯಾಂಟ್ ನೋಡ್ಕೋ, ಗೂಟಕ್ಕೆ ತಗಲಾಕ್ದಂಗಿದೆ."

ನಮ್ಮ ಕಟ್ಟಡದ ಓಮ್ ಕರೆಯುವ ಹಾಗೆ ಮಧ್ಯಾಹ್ನ ಹಿರಿಯರ ಕೊಠಡಿಗಾದರೂ ಹೋಗಿ ನಾಲ್ಕು ಜನರ ಜೊತೆ ಉಣ್ಣಬಾರದೇ ಎಂದಳು. ಅದು ಮುದುಕರ ಜಾಗ, ನನಗಿನ್ನೂ ಅರವತ್ತಾರು ಎಂದೆ. ಆಗ ನನ್ನ ಫೋನ್ ಕಸಿದುಕೊಂಡು ಏನೇನೋ ಒತ್ತಿ, ಅದನ್ನು ಎಲೆಕೋಸಿನ ಕಿಮ್ಚಿ ಉಪ್ಪಿನಕಾಯಿ ಡಬ್ಬಿಗೆ ಒರಗಿಸಿ ನಿಲ್ಲಿಸಿದಳು. ಊಟದ ಕಡ್ಡಿಯಷ್ಟು ತೆಳ್ಳಗಿನ ಹುಡುಗಿಯೊಬ್ಬಳು ಹಂಡೆಯಂಥ ಪಾತ್ರೆಯಿಂದ ನೂಡಲ್ಸ್ ಎಳೆದೆಳೆದು ತಿನ್ನುತ್ತಿದ್ದಳು. ಹೆಸರು ಬಾಂಗ್ ಸೋದಾಮ್. ಇದಕ್ಕೆ ಮುಕ್‌ಬಾಂಗ್ ಅನ್ನುತ್ತಾರಂತೆ. ದಿನಾ ಸಂಜೆ ಏಳಕ್ಕೆ ಅವಳು ತಿನ್ನುತ್ತಾಳೆ, ಊರವರೆಲ್ಲ ನೋಡುತ್ತಾರೆ.

"ನೋಡಿ ಏನ್ ಮಾಡ್ತಾರೆ?"

"ನೋಡ್ತಾ ತಾವೂ ಉಣ್ತಾರೆ. ಒಬ್ಬರೇ ಕೂತು ಉಂಡಂಗೆ ಆಗಲ್ಲ."

ಕಂಡವರ ಮಕ್ಕಳು ಗಬಗಬ ತಿನ್ನುವುದನ್ನು ನೋಡಿಕೊಂಡು ಉಣ್ಣುವಷ್ಟು ಗತಿಗೆಟ್ಟಿಲ್ಲ ನಾನು. ಸೆರಿನ್ ಅತ್ತ ಹೋಗುತ್ತಲೇ ಫೋನನ್ನು ಬೋರಲು ಹಾಕಿದೆ.

ಮಾರ್ಚ್ 6, ಬುಧವಾರ

ತಪಾಸಣೆಗೆಂದು ಮಾತ್ರ ನೋಡಿದೆ. ಇವತ್ತು ಹುರಿದ ಕೋಳಿ. ಆ ಮೈಯಲ್ಲಿ ಅಷ್ಟೊಂದು ಕೋಳಿ ಎಲ್ಲಿ ಹೋಗಿ ಕೂರುತ್ತದೋ ದೇವರೇ ಬಲ್ಲ. ಅದು ಹಾಳಾಗಲಿ. ನಾನು ಅನ್ನ ಬಡಿಸಿಕೊಂಡು, ಕೂತು, ಚಮಚ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಅವಳ ಮುಂದೆ ಮೂಳೆಯ ರಾಶಿ! ಹಿರಿಯರು ಚಮಚ ಎತ್ತುವ ಮೊದಲೇ ಬಾಯಿ ಹಾಕುವುದೇ? ಯಾವ ಮನೆಯಲ್ಲಿ ಬೆಳೆದ ಮಗುವಪ್ಪಾ ಇದು.

ನಾನು ಇಡೀ ಜೀವಮಾನ ದೋಣಿಕಟ್ಟೆಯಲ್ಲಿ ಸೀಟಿ ಊದಿದವನು. ನನ್ನ ಸೀಟಿಗೆ ಮುಂಚೆ ಯಾರೂ ದೋಣಿಗೆ ಕಾಲಿಟ್ಟಿಲ್ಲ, ಒಮ್ಮೆ ಬಂದ ಮಂತ್ರಿಯೂ ಇಟ್ಟಿಲ್ಲ. ಹಾಗಾಗಿ ಸುಮ್ಮನಿರಲಾಗಲಿಲ್ಲ. ಕೆಳಗೆ ಎಲ್ಲರೂ ಏನೇನೋ ಬರೆಯುತ್ತಿದ್ದರು. ನಾನೂ ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆದೆ: "ಹಿರಿಯರು ಚಮಚ ಎತ್ತುವವರೆಗೆ ಕಾಯಬೇಕು ಅಂತ ನಿಮ್ಮ ಮನೇಲಿ ಯಾರೂ ಹೇಳಿಕೊಡಲಿಲ್ಲವೇ?" ಅದು ಹೋಗುವಷ್ಟರಲ್ಲಿ ಅವಳು ಟಾಟಾ ಮಾಡಿ ಮಾಯವಾಗಿದ್ದಳು.

ಅನ್ನಕ್ಕೆ ನೀರು ಹಾಕಿಕೊಳ್ಳುವುದು ಮರೆತೇ ಹೋಗಿತ್ತು.

ಮಾರ್ಚ್ 7, ಗುರುವಾರ

ಓದಿಬಿಟ್ಟಿದ್ದಾಳೆ!

ನೂಡಲ್ಸ್ ಬಾಯಿಯ ಹತ್ತಿರ ತಂದವಳು ಹಾಗೇ ನಿಂತಳು. ತುದಿಯಿಂದ ಸಾರು ತೊಟ್ಟಿಕ್ಕುತ್ತಿತ್ತು.

"ಗುನ್ಸಾನ್ ಅಜ್ಜ ಇದೀರಾ? ನಿನ್ನೆ ನೀವು ಬರೆದಿದ್ದು ನೋಡ್ದೆ. ತಪ್ಪಾಯ್ತು ಅಜ್ಜ. ನಮ್ಮಜ್ಜ ಇದ್ದಿದ್ರೆ ತಲೆ ಮೇಲೆ ಚಮಚದಲ್ಲೇ ಕುಟ್ಟಿರೋರು. ನೀವು ಎತ್ತಿ, ಆಮೇಲೆ ನಾನು."

ಗುನ್ಸಾನ್ ಅಜ್ಜ ಅಂದರೆ ನಾನು. ನಮ್ಮ ಊರಿನ ಹೆಸರು ಸೇರಿಸಿ ಸೆರಿನ್ ನನ್ನ ಖಾತೆಗೆ ಇಟ್ಟ ಹೆಸರು ಅದು. ಪ್ಯೋ ಇನ್‌ಸಿಕ್ ಎಂಬ ಲಕ್ಷಣವಾದ ಹೆಸರು ಇರುವಾಗ ಇದೇಕೋ. ಇರಲಿ. ಚಮಚ ಎತ್ತಿದೆ. "ಎತ್ತಿದೆ" ಎಂದು ಬರೆಯಲು ಹೊರಟೆ. ಒಂದು ಅಕ್ಷರ ಒತ್ತಿದರೆ ಪಕ್ಕದ್ದು ಬರುತ್ತದೆ, ಅಳಿಸಿದರೆ ಎಲ್ಲ ಹೋಗುತ್ತದೆ. ಅಷ್ಟೂ ಹೊತ್ತು ಆ ಹುಡುಗಿ ಕೈ ಕಟ್ಟಿಕೊಂಡು ಕಾದಳು, ನೂಡಲ್ಸ್ ಉಬ್ಬಿ ಬೆರಳು ಗಾತ್ರ ಆದವು. ಕೆಳಗಿನ ಜನ ನಗುವೋ ನಗು. ಕೊನೆಗೆ ನನ್ನ ಮಾತು ತೆರೆಯ ಮೇಲೆ ಬಂದಾಗ ಅವಳು ತಲೆ ಬಾಗಿಸಿ, "ಚೆನ್ನಾಗಿ ಉಣ್ತೀನಿ ಅಜ್ಜ" ಎಂದು ಶುರು ಮಾಡಿದಳು.

ಒಳ್ಳೆ ಮನೆಯ ಹುಡುಗಿಯೇ ಇರಬೇಕು.

ಮಾರ್ಚ್ 15, ಶುಕ್ರವಾರ

ಈಗ ಅದು ನಿಯಮವೇ ಆಗಿದೆ. ಏಳಕ್ಕೆ ಅವಳು ಬರುತ್ತಾಳೆ, "ಅಜ್ಜ, ಎತ್ತಿದ್ರಾ?" ಅನ್ನುತ್ತಾಳೆ. ನಾನು ಎತ್ತುತ್ತೇನೆ. ಆಮೇಲೆ ಕೆಳಗೆ ಸಾಲುಸಾಲಾಗಿ "ಎತ್ತಿದೆ", "ನಾನೂ ಎತ್ತಿದೆ" ಎಂದು ಬರುತ್ತದೆ. ಒಬ್ಬ ಸರ್ಕಾರಿ ಪರೀಕ್ಷೆಗೆ ಓದುತ್ತಾ ಬೆಂಕಿಪೊಟ್ಟಣದಂಥ ಕೋಣೆಯಲ್ಲಿರುವವನು. ಒಬ್ಬಳು ಆಸ್ಪತ್ರೆಯ ದಾದಿ. ಇನ್ನೊಬ್ಬಳು, "ನಾನು ಡಯಟ್‌ನಲ್ಲಿದೀನಿ ಅಜ್ಜ, ತಿನ್ನಲ್ಲ, ನೋಡಿದ್ರೇ ಹೊಟ್ಟೆ ತುಂಬುತ್ತೆ" ಎಂದು ಬರೆದಳು. ನೋಡಿದ್ದಕ್ಕೇ ಹೊಟ್ಟೆ ತುಂಬುವುದಾದರೆ ನಮ್ಮ ದೋಣಿಕಟ್ಟೆಯ ಬೆಕ್ಕುಗಳು ಮೀನುಬುಟ್ಟಿ ನೋಡಿಯೇ ಆನೆಗಳಾಗಬೇಕಿತ್ತು. ಹಾಗೆಂದು ಬರೆದೆ. ಬಹಳ ಜನ ಮೆಚ್ಚಿಕೊಂಡರು.

ನಿನ್ನೆ ಸೋದಾಮ್, "ಇವತ್ತು ನಿಮ್ಮನೇಲಿ ಏನಡಿಗೆ ಅಜ್ಜ?" ಎಂದು ಕೇಳಿದಳು. ನನ್ನ ಮುಂದಿದ್ದದ್ದು ತಣ್ಣಗಿನ ಅನ್ನ ಮತ್ತು ಕಿಮ್ಚಿ. "ಸೋಯಾ ಮೊಳಕೆ ಸಾರು" ಎಂದು ಬರೆದುಬಿಟ್ಟೆ. ಅಷ್ಟು ಜನರ ಎದುರು ಸುಳ್ಳು ಹೇಳಿದ ಮೇಲೆ ಮನಸ್ಸಿಗೆ ಸಮಾಧಾನ ಇರಲಿಲ್ಲ. ಇವತ್ತು ಪೇಟೆಗೆ ಹೋಗಿ ಮೊಳಕೆ ತಂದು ಮಾಡಿದೆ. ಕುದಿಯುವಾಗ ಮುಚ್ಚಳ ತೆಗೆದರೆ ಹಸಿ ವಾಸನೆ ಉಳಿಯುತ್ತದೆ ಎಂದು ನನ್ನ ಹೆಂಡತಿ ಮಾಲ್‌ಸುನ್ ನನ್ನ ಕೈಗೆ ಎಷ್ಟು ಸಲ ಹೊಡೆದಿಲ್ಲ. ಇವತ್ತು ಹೊಡೆಯುವವರು ಇರಲಿಲ್ಲ, ನಾನೂ ತೆಗೆಯಲಿಲ್ಲ. ಒಲೆಯ ಮುಂದೆ ನಿಂತು ಆ ಮುಚ್ಚಳ ನೋಡುತ್ತಾ ಇದ್ದಾಗ ಅವಳ ನೆನಪಾಗಿ ದುಃಖ ಒತ್ತರಿಸಿ ಬಂತು.

ಸಾರು ಪರವಾಗಿಲ್ಲ. ಉಪ್ಪು ಕಮ್ಮಿ.

ಮಾರ್ಚ್ 28, ಗುರುವಾರ

ಎತ್ತುವುದು ಸುಲಭ, ಇಡುವುದೇ ಕಷ್ಟ.

ಹಿರಿಯರು ಚಮಚ ಕೆಳಗಿಟ್ಟರೆ ಚಿಕ್ಕವರ ಊಟವೂ ಮುಗಿದಂತೆ. ಹಾಗಾಗಿ ಮರ್ಯಾದಸ್ಥ ಹಿರಿಯ ಮಕ್ಕಳ ಹೊಟ್ಟೆ ತುಂಬುವ ಮೊದಲು ಚಮಚ ಇಡುವುದಿಲ್ಲ. ನಮ್ಮಪ್ಪ ಹಾಗೇ. ನಾವು ಐದೂ ಜನ ಮಕ್ಕಳು ತಟ್ಟೆ ಬಟ್ಟಲು ಬಳಿದು ಮುಗಿಸುವವರೆಗೆ ಅವನ ಚಮಚ ಸಾರಿನಲ್ಲೇ ಆಡುತ್ತಿತ್ತು. ಬಹಳ ನಿಧಾನ ಉಣ್ಣುವ ಮನುಷ್ಯ. ಅವನ ಬಟ್ಟಲಿನ ಸಾರು ಮುಗಿದದ್ದನ್ನು ನಾನು ಕಂಡೇ ಇಲ್ಲ.

ಈಗ ಆ ಜವಾಬ್ದಾರಿ ನನ್ನ ಮೇಲೆ ಬಂದಿದೆ. ಸೋದಾಮ್ ತಿನ್ನುವುದು ಒಂದು ಗಂಟೆಯ ಮೇಲೆ. ನಾನು ಮೊದಲೇ ಎದ್ದುಬಿಟ್ಟರೆ ಆ ಮಗು ಅರ್ಧ ಹೊಟ್ಟೆಯಲ್ಲಿ ಏಳಬೇಕಾಗುತ್ತದೆ. ಆದ್ದರಿಂದ ಎರಡನೇ ಬಟ್ಟಲು ಅನ್ನ ಹಾಕಿಕೊಂಡೆ. ಆಮೇಲೆ ಮೂರನೆಯದು. ಅವಳು ನಡುವೆ ಕೇಳಿದಳು, "ಅಜ್ಜ ಇನ್ನೂ ಊಟ ಮಾಡ್ತಿದಾರಾ?" "ಮಾಡ್ತಿದೀನಿ, ನೀನು ನಿಧಾನಕ್ಕೆ ತಿನ್ನು" ಎಂದು ಬರೆದೆ. ಎಷ್ಟು ಖುಷಿ ಅವಳಿಗೆ! ನಕ್ಕು ಇನ್ನೊಂದು ಡಬ್ಬಿ ತೆರೆದಳು.

ಬರೆಯಲು ಬಗ್ಗಲಾಗುತ್ತಿಲ್ಲ. ಸಾಕು.

ಏಪ್ರಿಲ್ 9, ಮಂಗಳವಾರ

ಪ್ಯಾಂಟು ಒಗೆದು ಒಗೆದು ಚಿಕ್ಕದಾಗಿದೆ. ಈಗಿನ ಸೋಪುಗಳೇ ಸರಿಯಿಲ್ಲ.

ಲಿಫ್ಟಿನಲ್ಲಿ ಓಮ್ ಸಿಕ್ಕಿದ. ಹಿರಿಯರ ಕೊಠಡಿಗೆ ಅವನೇ ಅಧ್ಯಕ್ಷ, ಎಂಬತ್ತು ದಾಟಿದರೂ ಕೂದಲಿಗೆ ಕರಿ ಹಚ್ಚುತ್ತಾನೆ.

"ಏನ್ ಪ್ಯೋ ಅವ್ರೆ, ಮುಖ ಹುಣ್ಣಿಮೆ ಆದಂಗಾಗಿದೆ! ಮನೇಲಿ ಯಾರೋ ಬಂದಿದಾರೆ ಅಂತ ಕಾಣುತ್ತೆ."

"ಸಂಜೆ ಊಟಕ್ಕೆ ಒಂದು ಹುಡುಗಿ ಬರ್ತಾಳೆ" ಎಂದೆ.

ಅವನು ಏಳನೇ ಮಹಡಿಯಲ್ಲಿ ಇಳಿಯುವುದನ್ನೇ ಮರೆತ.

ಏಪ್ರಿಲ್ 22, ಸೋಮವಾರ

ಸೆರಿನ್ ಬಲವಂತವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ರಕ್ತದ ವರದಿ ನೋಡಿ ಹುಬ್ಬು ಗಂಟಿಕ್ಕಿದರು. ಸಕ್ಕರೆ ಏರಿದೆಯಂತೆ, ರಕ್ತದೊತ್ತಡವೂ ಏರಿದೆಯಂತೆ.

"ಸಂಜೆ ಊಟ ಎಷ್ಟು ಮಾಡ್ತೀರಿ?"

"ಎದುರಿಗಿರೋರು ಮುಗಿಸೋವರೆಗೂ."

"ಎದುರಿಗೆ ಯಾರು?"

"ಮೊಮ್ಮಗಳ ಥರಾ ಅಂದ್ಕೊಳ್ಳಿ."

"ಅವಳು ಎಷ್ಟು ತಿಂತಾಳೆ?"

"ನಿನ್ನೆ ಹಂದಿಮಾಂಸದ ಕಟ್ಲೆಟ್ಟು. ಒಂದು ಹನ್ನೆರಡು ಇರ್ಬಹುದು."

ಡಾಕ್ಟರು ಪೆನ್ನು ಕೆಳಗಿಟ್ಟು ಸೆರಿನ್ ಮುಖ ನೋಡಿದರು. ಸೆರಿನ್ ಗೋಡೆ ನೋಡಿದಳು. ದಾರಿಯುದ್ದಕ್ಕೂ ಬೈಯುತ್ತಲೇ ಬಂದಳು. "ತಿನ್ನದೆ ಒಣಗ್ತಿದ್ದೆ, ಈಗ ತಿಂದು ಊದ್ಕೊಂಡಿದೀಯ. ನಡುವೆ ಒಂದು ದಾರಿನೇ ಇಲ್ವಾ ನಿಂಗೆ?" ಎಂದಳು. ಇಂದಿನಿಂದ ಒಂದೇ ಬಟ್ಟಲು ಎಂದು ಮಾತು ಕೊಟ್ಟೆ.

ಸಂಜೆ ದೊಡ್ಡ ಬಟ್ಟಲು ತೆಗೆದುಕೊಂಡೆ.

ಮೇ 2, ಗುರುವಾರ

ಇವತ್ತು ಅವಳ ಮುಂದೆ ಮೂಳೆಸಾರು, ಬೋಗುಣಿಗಟ್ಟಲೆ. ಬಿಳಿ ಸಾರು, ಒಂದು ಚೂರು ಖಾರ ಇರುವುದಿಲ್ಲ ಅದರಲ್ಲಿ. ಆದರೂ ಕಣ್ಣಲ್ಲಿ ನೀರು. "ಮೆಣಸಿನಕಾಯಿ ಸಿಕ್ತು" ಎಂದು ನಕ್ಕಳು. ಒಂದು ಕೈ ಮೇಜಿನ ಕೆಳಗೆ ಹೊಟ್ಟೆ ಒತ್ತಿ ಹಿಡಿದ ಹಾಗಿತ್ತು. ಆಗಾಗ ಕ್ಯಾಮೆರಾದ ಹಿಂದಿನಿಂದ ಒಬ್ಬ ಗಂಡಸಿನ ದನಿ ಕೇಳುತ್ತದೆ. ಅವನೇ ಅವಳ ಕಾರ್ಯಕ್ರಮ ನಡೆಸುವವನಂತೆ. "ಇನ್ನೊಂದು ತೆಗಿ ಸೋದಾಮ್, ಜನ ಕಾಯ್ತಿದಾರೆ" ಎಂದ.

"ಅಜ್ಜ ಇನ್ನೂ ಊಟ ಮಾಡ್ತಿದಾರಾ?" ಎಂದು ಅವಳು ಕೇಳಿದಳು. ಇತ್ತೀಚೆಗೆ ಇದನ್ನು ಪದೇಪದೇ ಕೇಳುತ್ತಾಳೆ. ಅಜ್ಜನ ಮೇಲೆ ಎಷ್ಟು ಕಾಳಜಿ ನೋಡಿ. ನನಗೂ ತೇಗು ಗಂಟಲಿಗೆ ಬಂದಿತ್ತು, ಆದರೂ ಅವಳ ಮನಸ್ಸು ನೋಯಬಾರದೆಂದು, "ಮಾಡ್ತಿದೀನಿ ಮಗಳೇ, ಏನೂ ಅವಸರ ಇಲ್ಲ" ಎಂದು ಬರೆದೆ. ಅವಳು ಒಂದು ನಿಮಿಷ ಕಣ್ಣು ಮುಚ್ಚಿ, ತೆರೆದು, ಇನ್ನೊಂದು ಬೋಗುಣಿ ಎಳೆದುಕೊಂಡಳು.

ಮೇ 8, ಬುಧವಾರ

ಅಪ್ಪ ಅಮ್ಮಂದಿರ ದಿನ, ಮಕ್ಕಳು ಹಿರಿಯರ ಅಂಗಿಗೆ ಹೂ ಸಿಕ್ಕಿಸುವ ದಿನ. ಸೋದಾಮ್ ಎದೆಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿಕೊಂಡು ಬಂದಿದ್ದಳು.

"ಇದು ಗುನ್ಸಾನ್ ಅಜ್ಜನಿಗೆ. ನಿಮ್ಮ ಅಂಗಿಗೆ ಸಿಕ್ಕಿಸೋಕ್ಕಾಗಲ್ಲ, ಅದಕ್ಕೆ ನಾನೇ ಹಾಕ್ಕೊಂಡಿದೀನಿ. ನನ್ನ ಸಾಕಿದ್ದು ನಮ್ಮಜ್ಜ. ಅವರು ಚಮಚ ಕೆಳಗಿಡೋವರೆಗೂ ನಾನು ಮೇಜಿಂದ ಎದ್ದೋಳೇ ಅಲ್ಲ. ಈಗ್ಲೂ ಆ ಬುದ್ಧಿ ಹೋಗಿಲ್ಲ ನೋಡಿ."

ಇಂಥ ಮಕ್ಕಳು ಈಗಿನ ಕಾಲದಲ್ಲಿ ಎಲ್ಲಿದ್ದಾರೆ? ಎಲ್ಲರೂ ನನಗೆ ಹೂವಿನ ಚಿತ್ರ ಕಳಿಸಿದರು.

ಸೆರಿನ್ ಸಹ ಬಂದಿದ್ದಳು. ಸಲೂನ್ ಬೇಗ ಮುಚ್ಚಿ ಬಂದೆ ಎಂದಳು. ಏನೋ ಹೂ, ಏಡಿಯ ಉಪ್ಪಿನಕಾಯಿ ಎಲ್ಲ ತಂದಿದ್ದಳು. ಕಾರ್ಯಕ್ರಮದ ಹೊತ್ತಿಗೇ ಬಂದಳು, ಹಾಗಾಗಿ ಮುಗಿಯುವವರೆಗೆ ಮಾತಾಡಬೇಡ ಎಂದೆ. ಮೇಜಿನ ಆ ಕಡೆ ಕೂತು ಸ್ವಲ್ಪ ಉಂಡಳು. ಬೇಗ ಎದ್ದು ಹೋದಳು, ಏನೋ ಕೆಲಸ ಇದ್ದಿರಬೇಕು. ಏಡಿ ಚೆನ್ನಾಗಿತ್ತು.

ಮೇ 17, ಶುಕ್ರವಾರ

ಏಳು ಗಂಟೆ ಆಯಿತು. ಏಳೂವರೆ ಆಯಿತು. ಬರಲಿಲ್ಲ. "ಇಂದು ಪ್ರಸಾರ ಇಲ್ಲ" ಎಂದಷ್ಟೇ ಬರೆದಿದ್ದಾರೆ.

ಮೊಟ್ಟೆಯ ಆವಿಗಡುಬು ಮಾಡಿದ್ದೆ. ಇಳಿದು ಚಪ್ಪಟೆಯಾಯಿತು. ಸೆರಿನ್ ಫೋನ್ ಮಾಡಿ "ಊಟ ಆಯ್ತಾ ಅಪ್ಪ?" ಎಂದಳು. "ಅವಳೇ ಬಂದಿಲ್ಲ, ನಾನು ಹೇಗೆ ಉಣ್ಲಿ?" ಎಂದೆ. ಫೋನ್ ಕಟ್ಟಾಯಿತು. ಸಿಗ್ನಲ್ ಹೋಗಿರಬೇಕು.

ಮೇ 19, ಭಾನುವಾರ

ಬಂದಳು. ಮುಖ ಬಾತುಕೊಂಡಿದೆ. ಮುಂಗೈ ಮೇಲೆ ಡ್ರಿಪ್ ಹಾಕಿದ ಜಾಗಕ್ಕೆ ಅಂಟಿಸಿದ ಪಟ್ಟಿ. "ಹೊಟ್ಟೇಲಿ ಒಂಚೂರು ಹುಣ್ಣಂತೆ, ದೊಡ್ಡ ವಿಷಯ ಅಲ್ಲ" ಎಂದಳು. ಕೆಳಗೆ ಜನ, "ಅಯ್ಯೋ ಪಾಪ" ಎಂದೂ ಬರೆದರು, ಅದರ ಹಿಂದೆಯೇ "ಹತ್ತು ಬಟ್ಟಲು ಅಂತ ಹೇಳಿದ್ರಿ, ಆರೇ ಇವೆ" ಎಂದೂ ಬರೆದರು. ಎರಡನ್ನೂ ಬರೆದವರು ಅವರೇ.

ಕಪ್ಪು ಗೊಜ್ಜಿನ ನೂಡಲ್ಸ್. ನುಂಗುವ ಮುಂಚೆ ಪ್ರತಿ ಸಲ ಉಸಿರು ಎಳೆದುಕೊಳ್ಳುತ್ತಿದ್ದಳು. "ಅಜ್ಜ ಇನ್ನೂ...?" ಎಂದು ಕೇಳಿದಳು, ಪೂರ್ತಿ ಕೇಳಲಿಲ್ಲ.

ಪಾಪ, ಹುಷಾರಿಲ್ಲದ ಮಗು. ಚೆನ್ನಾಗಿ ತಿಂದರೆ ಸರಿಹೋಗುತ್ತದೆ. ನಾನೂ ಬಿಡದೆ ಜೊತೆ ಕೊಟ್ಟೆ.

ಮೇ 20, ಸೋಮವಾರ

ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಸೆರಿನ್ ಬಂದವಳು ಫ್ರಿಜ್ ಕಡೆ ಹೋಗಲೇ ಇಲ್ಲ. ನನ್ನ ಎದುರು ಕೂತು, "ಆ ಹುಡುಗೀಲಿ ಅಂಥಾದ್ದೇನಿದೆ ಅಂತ ನಾನೂ ನೋಡ್ಬೇಕು ಅಪ್ಪ" ಎಂದಳು. ಹಳೆಯ ಪ್ರಸಾರಗಳನ್ನು ಒಂದಾದ ಮೇಲೊಂದು ಹಾಕಿದಳು. ನಾನು ಹೆಮ್ಮೆಯಿಂದ ವಿವರಣೆ ಕೊಡುತ್ತಿದ್ದೆ. ಇದು ಕಟ್ಲೆಟ್ಟಿನ ದಿನ, ಇದು ಮೂಳೆಸಾರಿನ ದಿನ, ಇಗೋ ಇಲ್ಲಿ ನನ್ನ ಮಾತು ಓದುತ್ತಾಳೆ. ಸೆರಿನ್ ಮುಂದೆ ಹಿಂದೆ ಓಡಿಸುತ್ತಾ ನೋಡಿದಳು. ಅವಳ ಮುಖ ಬದಲಾಗುತ್ತಾ ಬಂತು.

"ಅಪ್ಪ, ಇವಳು ಪ್ರತಿ ಸಲ ನಿನ್ನ ಕೇಳಿದ ಮೇಲೇನೇ ಹೊಸ ಡಬ್ಬಿ ತೆಗೀತಾಳೆ."

"ಹೂಂ, ಎಷ್ಟು ಗೌರವ!"

"ಗೌರವ ಅಲ್ಲಪ್ಪ. ಕೈ ನೋಡು. ಕಡ್ಡಿ ಕೆಳಗಿಡೋಕೆ ಹೋಗ್ತಾಳೆ, ನಿನ್ನ ಕೇಳ್ತಾಳೆ, ನೀನು ಇನ್ನೂ ತಿಂತಿದೀನಿ ಅಂತೀಯ, ಮತ್ತೆ ಎತ್ಕೋತಾಳೆ. ನೀನು ಚಮಚ ಇಡೋದನ್ನ ಕಾಯ್ತಿದಾಳೆ ಇವಳು."

"ಅವಳು ಮುಗಿಸೋ ಮುಂಚೆ ನಾನು ಹೇಗೆ ಇಡ್ಲಿ? ಅವಳಿಗೆ ಹಸಿವು ಇರಲ್ವಾ?"

"ನಿಂಗೆ ಹಸಿವಿತ್ತಾ?"

"ಎಲ್ಲೀದು ಹಸಿವು! ಮಾರ್ಚ್‌ನಿಂದ ಹೊಟ್ಟೆ ಬಿರೀತಿದೆ ನಂಗೆ!"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಸೆರಿನ್ ಮೊದಲು ನಕ್ಕಳು. ಮೇಜು ಬಡಿದು ಬಡಿದು ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣಲ್ಲಿ ನೀರು ಬಂತು, ಆಮೇಲೆ ಅದು ನಗುವಿನ ನೀರಾಗಿ ಉಳಿಯಲಿಲ್ಲ.

"ಅವತ್ತು ನಾನು ಇದೇ ಮೇಜಲ್ಲಿ ಕೂತಿದ್ದೆ ಅಪ್ಪ. ಹೂ ತಂದಿದ್ದೆ. ನಾನು ಉಂಡ್ನೋ ಬಿಟ್ನೋ ನೋಡ್ಲೇ ಇಲ್ಲ ನೀನು."

ಅವಳಿಗೆ ಅನ್ನ ಬಡಿಸಿದೆ. ಅವಳು ಎದುರು ಕೂತು ಪೂರ್ತಿ ಉಂಡಳು, ನಾನು ನೋಡಿದೆ. ಮೂಲಂಗಿಯನ್ನು ಚಿಕ್ಕಂದಿನ ಹಾಗೇ ಈಗಲೂ ಪಕ್ಕಕ್ಕೆ ತಳ್ಳುತ್ತಾಳೆ.

ಮೇ 21, ಮಂಗಳವಾರ

ಇವತ್ತು ಒಂದು ಸಣ್ಣ ಬಟ್ಟಲು ಅನ್ನ, ಒಂದು ಬಟ್ಟಲು ಸಾರು. ಅಷ್ಟೇ ಬಡಿಸಿಕೊಂಡೆ. ಹೇಳಬೇಕಾದ್ದನ್ನು ಮಧ್ಯಾಹ್ನವೇ ಒತ್ತಿ ತಯಾರು ಮಾಡಿ ಇಟ್ಟುಕೊಂಡಿದ್ದೆ, ಕಳಿಸುವುದು ಮಾತ್ರ ಬಾಕಿ. ನನ್ನ ಬೆರಳನ್ನು ನಂಬುವ ಹಾಗಿಲ್ಲ.

ಅವಳ ಮುಂದೆ ಖಾರದ ಅಕ್ಕಿಕಡುಬಿನ ಕೊಳಗ, ಪಕ್ಕದಲ್ಲಿ ಕರಿದದ್ದೆಲ್ಲ ಗೋಪುರವಾಗಿ ನಿಂತಿತ್ತು. ಹೊಟ್ಟೆಹುಣ್ಣಿನವಳ ಮುಂದೆ!

"ಅಜ್ಜ, ಎತ್ತಿದ್ರಾ?"

ಎತ್ತಿದೆ. ಉಂಡೆ. ಬಟ್ಟಲು ಬರಿದಾಯಿತು. ಚಮಚ ಕೆಳಗಿಟ್ಟೆ. ಕಳಿಸಿದೆ:

"ನನ್ನ ಊಟ ಆಯಿತು. ಚಮಚ ಇಟ್ಟೆ. ನೀನೂ ಇಡು ಮಗಳೇ."

ಅವಳಿಗೆ ಓದಲು ಸ್ವಲ್ಪ ಹೊತ್ತು ಹಿಡಿಯಿತು. ಕಡ್ಡಿಯಲ್ಲಿ ಹಿಡಿದ ಕಡುಬು ಹಾಗೇ ಇತ್ತು.

"ಇಷ್ಟು ಬೇಗನಾ ಅಜ್ಜ? ಹುಷಾರಿದೀರಾ?"

"ಹುಷಾರಿದೀನಿ. ಹೊಟ್ಟೆ ತುಂಬಿದೆ. ಮಾರ್ಚ್ ತಿಂಗಳಲ್ಲೇ ತುಂಬಿತ್ತು" ಎಂದು ಬರೆದೆ. ಇದನ್ನು ಮೊದಲೇ ತಯಾರು ಮಾಡಿರಲಿಲ್ಲ, ಆದರೂ ಒಂದಕ್ಷರ ತಪ್ಪಲಿಲ್ಲ.

ಅವಳ ಬಾಯಿ ಸ್ವಲ್ಪ ತೆರೆಯಿತು. ಅವಳಿಗೂ ಆಗ ಅರ್ಥವಾಗಿರಬೇಕು. ಕೆಳಗೆ ಜನರ ಗಲಾಟೆ ಶುರುವಾಯಿತು. ಅಜ್ಜನಿಗೇನಾಯ್ತು, ಇನ್ನೂ ಶುರುನೇ ಆಗಿಲ್ಲ, ಗೋಪುರ ಯಾರು ತಿಂತಾರೆ, ನೀನು ತಿನ್ನೋದು ನೋಡೋಕೆ ದುಡ್ಡು ಕಳಿಸಿದ್ದೀವಿ ಎಂದೆಲ್ಲ ಬಂತು. ಕ್ಯಾಮೆರಾ ಹಿಂದಿನ ಗಂಡಸು, "ಸೋದಾಮ್, ಕಾಲು ಭಾಗಾನೂ ಆಗಿಲ್ಲ. ತಿನ್ನು, ತಿನ್ನು" ಎಂದ.

ಅವಳು ಕಡ್ಡಿಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಳು. ಚಮಚವನ್ನು ಅದರ ಪಕ್ಕದಲ್ಲಿಟ್ಟಳು. ಕ್ಯಾಮೆರಾದ ಹಿಂದಕ್ಕೆ ನೋಡಿ, ದನಿ ಏರಿಸದೆ ಹೇಳಿದಳು:

"ಹಿರಿಯರು ಚಮಚ ಇಟ್ಟಾಯ್ತು. ಇನ್ನು ನಾನು ಹೇಗ್ರೀ ತಿನ್ಲಿ?"

"ಸರಿ ಹಾಗಾದ್ರೆ" ಎಂದ ಅವನು. ಅವನ ಮನೆಯಲ್ಲೂ ಒಬ್ಬ ಅಜ್ಜ ಇದ್ದಿರಬೇಕು.

ಆಮೇಲೆ ಅವಳು ನನ್ನ ಕಡೆ, ಎಂದರೆ ಕ್ಯಾಮೆರಾದ ಕಡೆ, ತಲೆ ಮೇಜಿಗೆ ತಾಗುವಷ್ಟು ಬಾಗಿಸಿ, "ಚೆನ್ನಾಗಿ ಉಂಡೆ ಅಜ್ಜ" ಎಂದಳು. ಎದ್ದಾಗ ಮುಖವೆಲ್ಲ ಕಣ್ಣೀರು, ಆದರೆ ನಗುತ್ತಿದ್ದಳು. ದಾದಿ "ನಾನೂ ಇಟ್ಟೆ" ಎಂದು ಬರೆದಳು. ಪರೀಕ್ಷೆಯ ಹುಡುಗ "ಇಟ್ಟೆ" ಎಂದ. ಡಯಟ್ಟಿನ ಹುಡುಗಿ, "ನಾನು ಇವತ್ತು ಅರ್ಧ ಬಟ್ಟಲು ಅನ್ನ ಉಂಡೆ ಅಜ್ಜ, ಈಗ ಇಟ್ಟೆ" ಎಂದಳು. ಬೈಯುವವರು ಬೈಯುತ್ತಲೇ ಇದ್ದರು. ತೆರೆ ಕಪ್ಪಾಯಿತು.

ಗೆದ್ದೆ ಎನ್ನಿಸಬೇಕಿತ್ತು. ಆ ಕಪ್ಪು ತೆರೆಯಲ್ಲಿ ನನ್ನದೇ ಮುಖ ಕಂಡು ಅಳು ಬಂದುಬಿಟ್ಟಿತು. ನಾಳೆ ನಾನು ಯಾರ ಜೊತೆ ಉಣ್ಣಲಿ?

ಮೇ 25, ಶನಿವಾರ

ಹುಣ್ಣು ವಾಸಿಯಾಗುವವರೆಗೆ ಬರುವುದಿಲ್ಲವೆಂದು ಸೋದಾಮ್ ಬರೆದಿದ್ದಾಳೆ. ಕೆಳಗೆ ಒಂದು ಸಾಲು: "ಅಜ್ಜ, ಗಂಜಿ ಉಣ್ತಿದೀನಿ. ನೀವೂ ಕೂತ್ಕೊಂಡು ಉಣ್ಣಿ."

ಕೂತುಕೊಂಡೇ ಉಂಡೆ. ಕಿಮ್ಚಿ ಡಬ್ಬಿಗೆ ಯಾರೂ ಒರಗಿರಲಿಲ್ಲ. ಅನ್ನ ಮರಳು ಅಗಿದ ಹಾಗಿತ್ತು.

ಮೇ 28, ಮಂಗಳವಾರ

ಓಮ್ ಬೆಳಿಗ್ಗೆಯೇ ಬಾಗಿಲು ತಟ್ಟಿದ. "ಸಂಜೆ ಬರೋ ಹುಡುಗಿ ಬಿಟ್ಟು ಹೋದ್ಲಂತೆ, ನಿಮ್ಮ ಮಗಳು ಹೇಳಿದ್ಲು. ಮಧ್ಯಾಹ್ನ ಊಟಕ್ಕೆ ಬರ್ಲೇಬೇಕು" ಎಂದ. ಸೆರಿನ್ ಊರಿಗೆಲ್ಲ ಡಂಗುರ ಹೊಡೆಸಿದ್ದಾಳೆ. ಬೇರೆ ದಾರಿ ಕಾಣದೆ ಹೋದೆ.

ಅಲ್ಲಿ ಹೋದ ಮೇಲೆ ಗೊತ್ತಾಯಿತು, ಆ ಕೊಠಡಿಯಲ್ಲಿ ನಾನೇ ಎಲ್ಲರಿಗಿಂತ ಚಿಕ್ಕವನು. "ಕೂಸು ಬಂತು, ಕೂಸು ಬಂತು!" ಎಂದು ಅಜ್ಜಿಯರೆಲ್ಲ ಚಪ್ಪಾಳೆ ತಟ್ಟಿದರು. ಮಡಚಿಟ್ಟ ಮೇಜು ಬಿಡಿಸು, ಚಮಚ ಜೋಡಿಸು, ನೀರು ತಾ. ಈ ವಯಸ್ಸಿನಲ್ಲಿ ಯಾರೂ ನನ್ನನ್ನು ಇಷ್ಟು ಓಡಾಡಿಸಿರಲಿಲ್ಲ. ಊಟಕ್ಕೆ ಕೂತರೆ ಹಾ ಪಿಲ್‌ನ್ಯೊ ಅಜ್ಜಿ ಮೊದಲು ಚಮಚ ಎತ್ತಬೇಕು. ಅವರಿಗೆ ತೊಂಬತ್ತು ದಾಟಿದೆ. ಮೊದಲು ದಿಂಬು ಸರಿ ಮಾಡಿಕೊಂಡರು. ಆಮೇಲೆ ಹಲ್ಲಿನ ಸೆಟ್ಟು ಸರಿ ಮಾಡಿಕೊಂಡರು. ಆಮೇಲೆ ನಾನು ಯಾರ ಮಗ, ಯಾವ ದೋಣಿಕಟ್ಟೆ ಎಂದೆಲ್ಲ ವಿಚಾರಿಸಿದರು. ಸಾರು ಆರುತ್ತಿತ್ತು, ನಾನು ಕೈ ಕಟ್ಟಿಕೊಂಡು ಕಾದೆ. ಕೊನೆಗೂ ಎತ್ತಿದರು.

ಮೂಲಂಗಿ ಸಾರು, ಉಪ್ಪುಮೀನು. ಚೆನ್ನಾಗಿತ್ತು. ಕೂಸು ತಿನ್ನಲಿ ಎಂದು ಎಲ್ಲರೂ ನನ್ನ ಬಟ್ಟಲಿಗೇ ಹಾಕಿದರು. ಒಬ್ಬೊಬ್ಬರಾಗಿ ಎಲ್ಲರದ್ದೂ ಮುಗಿಯಿತು. ನಾನು ಮತ್ತು ಪಿಲ್‌ನ್ಯೊ ಅಜ್ಜಿ ಮಾತ್ರ ಉಳಿದೆವು. ಅವರ ಚಮಚ ಸಾರಿನಲ್ಲಿ ಇನ್ನೂ ಆಡುತ್ತಿತ್ತು. ಹಲ್ಲಿಲ್ಲದವರು, ನಿಧಾನ ಎಂದುಕೊಂಡೆ. ಆಮೇಲೆ ಏನೋ ಅನ್ನಿಸಿ ಸರಿಯಾಗಿ ನೋಡಿದೆ. ಚಮಚ ಸಾರಿನಲ್ಲಿ ಒಂದು ಸುತ್ತು ಸುತ್ತಿ, ತುಟಿಯವರೆಗೆ ಹೋಗಿ, ತುಟಿ ಮುಟ್ಟಿ, ಹಾಗೇ ವಾಪಸು ಬರುತ್ತಿತ್ತು. ಅನ್ನದ ಬಟ್ಟಲು ಆಗಲೇ ಒಣಗಿ ಕೂತಿತ್ತು. ಸಾರು ಮಾತ್ರ ಇದ್ದಷ್ಟೇ ಇತ್ತು.

"ಅಜ್ಜಿ, ನಿಮ್ಮದು ಆವಾಗ್ಲೇ ಆಯ್ತಲ್ವಾ?"

"ನಿಂದು ಆಗ್ಲಿ ಮಗಾ. ನಂದೇನು, ಇದ್ದೇ ಇರುತ್ತೆ."

ನಮ್ಮಪ್ಪನ ಸಾರು! ಅದು ಏಕೆ ಮುಗಿಯುತ್ತಿರಲಿಲ್ಲ ಎಂದು ನನಗೆ ಅರವತ್ತಾರನೇ ವಯಸ್ಸಿನಲ್ಲಿ ತಿಳಿಯಿತು. ಅವನು ನಿಧಾನ ಉಣ್ಣುವವನೇನೂ ಅಲ್ಲ. ಬರೀ ತಿರುವುತ್ತಾ ಕೂರುತ್ತಿದ್ದ, ನಾವು ಐದೂ ಜನ ಮುಗಿಸುವವರೆಗೆ. ಅಷ್ಟು ವರ್ಷ ಎದುರು ಕೂತು ನೋಡಿದ ಮಗ ನಾನು, ನುಂಗುವುದನ್ನು ಮಾತ್ರ ಕಲಿತೆ.

ಉಳಿದ ಅನ್ನವನ್ನು ಎರಡೇ ತುತ್ತಿಗೆ ಮುಗಿಸಿ, ಅವರಿಗೆ ಕೇಳಿಸುವ ಹಾಗೆ ಚಮಚವನ್ನು ಟಣ್ ಎಂದು ಇಟ್ಟೆ. ಮರುಗಳಿಗೆಯೇ ಅಜ್ಜಿಯ ಚಮಚವೂ ಕೆಳಗಿಳಿಯಿತು.

"ಅಬ್ಬಾ, ಕೈ ಸೋತೇ ಹೋಗಿತ್ತು ಕಣೋ" ಎಂದರು.

ಪಾತ್ರೆ ತೊಳೆಯುವ ಕೆಲಸವೂ ಕೂಸಿನದೇ ಅಂತೆ. ತೊಳೆದು ಬಂದೆ. ಸೋಮವಾರ ಸೆರಿನ್ ಊಟಕ್ಕೆ ಬರುತ್ತಾಳೆ. ಅನ್ನ ಒಂದೇ ಬಟ್ಟಲು, ಆದರೆ ನನ್ನ ಸಾರನ್ನು ಸ್ವಲ್ಪ ಜಾಸ್ತಿಯೇ ಬಡಿಸಿಕೊಳ್ಳಬೇಕು. ಅವಳದು ಮುಗಿಯುವವರೆಗೆ ತಿರುವುತ್ತಾ ಕೂರಲು ಬೇಕಲ್ಲ.